ಶೆಟ್ಟಿಹಳ್ಳಿ ಚರ್ಚಿನ ಫೋಟೋ, ಕೆಳಗೆ ಎರಡು ಸಾಲು

ಹಾಸನದಲ್ಲಿ ಬಿ.ಎ. ಓದಿದ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮದುವೆ ಪತ್ರಿಕೆ, ಕಾಫಿ ರೇಟು, ಬೆಳಗಿನ ಹೂವಿನ ಚಿತ್ರ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಶನಿವಾರ ರಾತ್ರಿ ಮಂಜ ಒಂದು ಪೋಸ್ಟರ್ ಹಾಕಿದ. ಶೆಟ್ಟಿಹಳ್ಳಿಯ ಹಳೇ ಚರ್ಚು, ಅರ್ಧದವರೆಗೆ ಹೇಮಾವತಿ ಹಿನ್ನೀರು. ಕೆಳಗೆ ಹಳದಿ ಅಕ್ಷರದಲ್ಲಿ: "ಪ್ರಶ್ನೆ ಕೇಳು ಅನ್ನುವುದು ತತ್ವಶಾಸ್ತ್ರ. ಕೇಳಬೇಡ ಅನ್ನುವುದು ದೈವಶಾಸ್ತ್ರ." ಆಮೇಲೆ ನಡೆದ ಜಗಳವನ್ನು ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಸ್ಟಿಕ್ಕರುಗಳನ್ನು ತೆಗೆದಿದ್ದೇನೆ, ಹೆಸರುಗಳನ್ನು ಬದಲಿಸಿದ್ದೇನೆ.

ಲೀನಾ (ಚಿಕ್ಕಮಗಳೂರು): ಮಂಜಾ, ಆ ಚರ್ಚ್ ಖಾಲಿಯಾಗಿದ್ದು ಗೊರೂರು ಅಣೆಕಟ್ಟಿನಿಂದ ಕಣೋ. ಯಾರೋ ಪ್ರಶ್ನೆ ಕೇಳಿ ಖಾಲಿ ಮಾಡಿಸಿದ್ದಲ್ಲ.

ಮಂಜ: ಫೋಟೋ ಬಿಡು ಮಾರಾಯ್ತಿ. ಸಾಲು ಸರಿ ಇದೆಯಾ ಇಲ್ವಾ, ಅದನ್ನು ಹೇಳು.

ಲೀನಾ: ಇಲ್ಲ. ನಮ್ಮ ಚಿಕ್ಕಪ್ಪ ಫಾದರ್ ಅಲ್ವಾ? ಫಾದರ್ ಆಗಲು ಸೆಮಿನರಿಗೆ ಸೇರಿದವರಿಗೆ ಮೊದಲು ಎರಡು ವರ್ಷದಷ್ಟು ತತ್ವಶಾಸ್ತ್ರವನ್ನೇ ಓದಿಸುತ್ತಾರೆ. ದೈವಶಾಸ್ತ್ರ ಆಮೇಲೆ, ನಾಲ್ಕು ವರ್ಷ. ಇದು ಚರ್ಚಿನ ಕಾನೂನಿನಲ್ಲೇ ಇದೆ. ಚಿಕ್ಕಪ್ಪನ ಕಪಾಟಿನಲ್ಲಿ ಕಾಂಟ್ ಇದ್ದಾನೆ, ಮಾರ್ಕ್ಸ್ ಇದ್ದಾನೆ, ಶಂಕರರೂ ಇದ್ದಾರೆ. ಮಾರ್ಕ್ಸ್ ಪುಸ್ತಕದ ತುಂಬ ಪೆನ್ಸಿಲ್ ಗೆರೆ.

ಮಂಜ: ಅದು ಲಸಿಕೆ ಕಣೇ. ಮುಂದೆ ದೊಡ್ಡ ಕಾಯಿಲೆ ಬರಬಾರದು ಅಂತ ಮೊದಲೇ ಚೂರು ಚುಚ್ಚಿ ಬಿಡುತ್ತಾರೆ.

ಜಯಣ್ಣ (ಸಕಲೇಶಪುರ): ಇಲ್ಲಿ ಮಳೆ, ಕರೆಂಟ್ ಇಲ್ಲ. ಜಗಳ ನಿಲ್ಲಿಸಬೇಡಿ. ಬ್ಯಾಟರಿ ಇನ್ನೂ ಇದೆ.

ಪ್ರಶಾಂತ (ತತ್ವಶಾಸ್ತ್ರದ ಮೇಷ್ಟ್ರು): ಮಂಜನ ಸಾಲು ಹೊಸದೇನಲ್ಲ. ಸುಮಾರು 1800 ವರ್ಷದ ಹಿಂದೆ ಕಾರ್ತೇಜಿನ ತೆರ್ತುಲಿಯನ್ ಎಂಬ ಕ್ರೈಸ್ತನೇ, ಅಥೆನ್ಸಿಗೂ ಜೆರುಸಲೇಮಿಗೂ, ಅಂದರೆ ತತ್ವಜ್ಞಾನಕ್ಕೂ ನಂಬಿಕೆಗೂ, ಏನು ಸಂಬಂಧ ಅಂತ ಕೇಳಿದ್ದ. ತತ್ವಜ್ಞಾನದ ಹೆಸರಲ್ಲಿ ಯಾರೂ ನಿಮ್ಮನ್ನು ಮರುಳು ಮಾಡದಂತೆ ನೋಡಿಕೊಳ್ಳಿ ಅಂತ ಬೈಬಲಿನ ಪೌಲನೂ ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದಿದ್ದಾನೆ.

ಮಂಜ: ನೋಡಿದೆಯಾ ಲೀನಾ. ಮೇಷ್ಟ್ರೇ ಹೇಳಿದರು.

ಪ್ರಶಾಂತ: ಪೂರ್ತಿ ಕೇಳು. ಅದೇ ಪೌಲ ಅಥೆನ್ಸಿಗೆ ಹೋಗಿ ಎಪಿಕ್ಯೂರಿಯನ್ನರು, ಸ್ಟೋಯಿಕರು ಅನ್ನುವ ತತ್ವಜ್ಞಾನಿಗಳ ಜೊತೆ ವಾದಕ್ಕೆ ನಿಂತ. ಅವರದೇ ಗ್ರೀಕ್ ಕವಿಯ ಸಾಲು ಎತ್ತಿ ಆಡಿದ. ಜಸ್ಟಿನ್ ಅಂತ ಇನ್ನೊಬ್ಬ, ಕ್ರೈಸ್ತನಾದ ಮೇಲೂ ತತ್ವಜ್ಞಾನಿಗಳು ಹೊದೆಯುವ ಮೇಲುಹೊದಿಕೆಯನ್ನು ಬಿಡಲಿಲ್ಲ. ಹೊದ್ದುಕೊಂಡೇ ಪಾಠ ಹೇಳಿದ. ಸುಮಾರು 165ರಲ್ಲಿ ರೋಮಿನಲ್ಲಿ ಅವನ ತಲೆ ತೆಗೆದರು. ಈ ಜಗಳ ಚರ್ಚಿಗೂ ಹೊರಗಿನವರಿಗೂ ನಡೆದದ್ದು ಕಡಿಮೆ. ಜಾಸ್ತಿ ನಡೆದದ್ದು ಒಳಗೇ.

ಮಂಜ: ಇತಿಹಾಸ ಇರಲಿ. ನನ್ನ ತಕರಾರು ಒಂದೇ. ದೇವರಿದ್ದಾನೆ ಅಂತ ಉತ್ತರ ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಮೇಲಿಂದ ಲೆಕ್ಕ ಮಾಡಿದರೆ ಅದು ಲೆಕ್ಕವಾ? ಪರೀಕ್ಷೆಯಲ್ಲಿ ನಾವೂ ಮಾಡಿದ್ದೇವೆ. ಅದಕ್ಕೆ ಏನಂತಾರೆ ಅಂತ ಎಲ್ಲರಿಗೂ ಗೊತ್ತು.

(ಪೋಸ್ಟರಿಗಿಂತ ಈ ಪ್ರಶ್ನೆಗೆ ತೂಕ ಜಾಸ್ತಿ. ಲೀನಾ ಅರ್ಧ ಗಂಟೆ ಏನೂ ಬರೆಯಲಿಲ್ಲ. ಟೈಪಿಂಗ್ ಅಂತ ಬರುತ್ತಿತ್ತು, ಹೋಗುತ್ತಿತ್ತು.)

ಲೀನಾ: ಎರಡು ಉದಾಹರಣೆ ಕೊಡುತ್ತೇನೆ. ಹನ್ನೊಂದನೇ ಶತಮಾನದಲ್ಲಿ ಅನ್ಸೆಲ್ಮ್ ಅಂತ ಒಬ್ಬ ಸನ್ಯಾಸಿ. ಅವನ ವಾದ ಹೀಗೆ: ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲು ಆಗುವುದಿಲ್ಲವೋ ಅದು ದೇವರು. ಅದು ಬರೀ ತಲೆಯಲ್ಲಿದ್ದರೆ, ನಿಜವಾಗಿ ಇರುವಂಥದ್ದನ್ನು ಅದಕ್ಕಿಂತ ದೊಡ್ಡದಾಗಿ ಯೋಚಿಸಬಹುದು. ಆದ್ದರಿಂದ ಅದು ನಿಜವಾಗಿ ಇರಲೇಬೇಕು.

ಜಯಣ್ಣ: ತಡಿ ತಡಿ. ಯಾವ ತೋಟಕ್ಕಿಂತ ಒಳ್ಳೇ ತೋಟ ಯೋಚಿಸಲು ಆಗುವುದಿಲ್ಲವೋ ಅಂಥ ಕಾಫಿ ತೋಟವನ್ನು ನಾನು ದಿನಾ ಯೋಚಿಸುತ್ತೇನೆ. ಬೆರಿ ಬೋರರ್ ಇಲ್ಲ, ಆನೆ ಇಲ್ಲ, ಬ್ಲಾಸಮ್ ಶವರ್ ಸರಿಯಾಗಿ ಬೀಳುತ್ತದೆ. ಹಾಗಾದರೆ ಅದು ಇರಲೇಬೇಕಲ್ಲ? ಸರ್ವೆ ನಂಬರ್ ಹೇಳು, ನಾಳೆಯೇ ಅಗ್ರಿಮೆಂಟ್ ಮಾಡುತ್ತೇನೆ.

ಲೀನಾ: ಜಯಣ್ಣ, ಇದನ್ನು ಅವನ ಕಾಲದಲ್ಲೇ ಗೌನಿಲೋ ಅಂತ ಇನ್ನೊಬ್ಬ ಸನ್ಯಾಸಿ ಬರೆದ! ಅವನದು ತೋಟ ಅಲ್ಲ, ದ್ವೀಪ. ಇಷ್ಟು ಒಳ್ಳೇ ದ್ವೀಪ, ಆದ್ದರಿಂದ ಇರಲೇಬೇಕು ಅಂದರೆ ನೀನು ತಮಾಷೆ ಮಾಡುತ್ತಿದ್ದೀಯಾ ಅಂತ ಕೇಳಿದ. ಅವನೂ ನಂಬುವವನೇ, ಆದರೂ ದೇವರಿಲ್ಲ ಅನ್ನುವವನ ಪರವಾಗಿ ಬರೆದ. ಅನ್ಸೆಲ್ಮ್ ಏನು ಮಾಡಿದ ಗೊತ್ತಾ? ಉತ್ತರ ಬರೆದ, ಸರಿ. ಇನ್ನು ಮುಂದೆ ನನ್ನ ಪುಸ್ತಕದ ಪ್ರತಿ ಮಾಡುವಾಗ ಗೌನಿಲೋ ಬರೆದದ್ದನ್ನೂ ಜೊತೆಗೇ ಸೇರಿಸಿ ಅಂತ ಹೇಳಿದ. ಪ್ರಶ್ನೆ ಕೇಳಬೇಡ ಅನ್ನುವವನು ಹೀಗೆ ಮಾಡುತ್ತಾನಾ?

ಮಂಜ: ಒಬ್ಬ ಒಳ್ಳೇ ಮನುಷ್ಯ ಸಿಕ್ಕಿದ. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ 219 ವಾದಗಳ ಪಟ್ಟಿ ಮಾಡಿ, ಇವನ್ನು ಕಲಿಸಿದರೆ ಚರ್ಚಿನಿಂದ ಹೊರಗೆ ಅಂತ ಹೇಳಲಿಲ್ಲವಾ? ಈಗ ತಾನೇ ನೋಡಿದೆ. ನನಗೂ ನೆಟ್ ಇದೆ.

ಪ್ರಶಾಂತ: ನಿಜ, ಹೇಳಿದ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನನ್ನು, ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನದ ಮೂಲಕ ಓದಿ ತಲೆ ಕೆಡಿಸಿಕೊಂಡಿದ್ದ ಮೇಷ್ಟ್ರುಗಳ ಮೇಲೆ ಸಿಟ್ಟು. ಆ ಏಟು ಆಗಲೇ ತೀರಿಕೊಂಡಿದ್ದ ದೈವಶಾಸ್ತ್ರಿ ಥಾಮಸ್ ಅಕ್ವಿನಾಸನ ಕೆಲವು ಮಾತುಗಳಿಗೂ ತಗುಲಿತು. 1323ರಲ್ಲಿ ಅವನನ್ನು ಸಂತ ಅಂತ ಸಾರಿದರು. 1325ರಲ್ಲಿ ಪ್ಯಾರಿಸ್ಸಿನವರು ಅವನಿಗೆ ತಗುಲಿದ ಮಟ್ಟಿಗೆ ಆ ನಿಷೇಧವನ್ನು ವಾಪಸ್ ತೆಗೆದುಕೊಂಡರು.

ಲೀನಾ: ನನ್ನ ಎರಡನೇ ಉದಾಹರಣೆ ಆ ಥಾಮಸ್ಸೇ. ಜಗತ್ತಿಗೆ ಶುರು ಇದೆಯಾ ಅಂತ ಆಗ ದೊಡ್ಡ ಗಲಾಟೆ. ಅರಿಸ್ಟಾಟಲ್ ಇಲ್ಲ ಅಂದಿದ್ದ. ಬೈಬಲ್ ಇದೆ ಅನ್ನುತ್ತದೆ. ಶುರು ಇರಲೇಬೇಕು ಅಂತ ತರ್ಕದಿಂದಲೇ ತೋರಿಸುತ್ತೇವೆ ಅಂತ ಥಾಮಸನ ಕಡೆಯವರೇ ಎಷ್ಟೋ ಜನ ಹೊರಟರು. ಥಾಮಸ್ ಬೇಡ ಅಂದ. ಶುರು ಇದೆ ಅಂತ ನಾನೂ ನಂಬುತ್ತೇನೆ, ಆದರೆ ಅದು ನಂಬಿಕೆ. ತರ್ಕದಿಂದ ಅದು ಸಾಬೀತಾಗುವುದಿಲ್ಲ. ಗಟ್ಟಿ ಇಲ್ಲದ ವಾದ ತಂದರೆ ನಂಬದವರು ನಗುತ್ತಾರೆ ಅಂದ. ಅನ್ಸೆಲ್ಮನ ವಾದವನ್ನೂ ಒಪ್ಪಲಿಲ್ಲ. ಉತ್ತರ ಮೊದಲೇ ಗೊತ್ತಿದ್ದೂ, ತನ್ನ ಕಡೆಯ ಲೆಕ್ಕ ತಪ್ಪಿದೆ ಅಂತ ತಾನೇ ಹೊಡೆದುಹಾಕಿದ. ಮಂಜಾ, ನೀನು ಪರೀಕ್ಷೆಯಲ್ಲಿ ಯಾವತ್ತಾದರೂ ಹಾಗೆ ಮಾಡಿದ್ದೀಯಾ?

ಪದ್ಮರಾಜ (ಶ್ರವಣಬೆಳಗೊಳ): ನಮ್ಮ ಜೈನರಲ್ಲಿ ಜಗತ್ತಿಗೆ ಶುರುವೇ ಇಲ್ಲ, ಮಾಡಿದವನೂ ಇಲ್ಲ. ಅರ್ಧ ಅರಿಸ್ಟಾಟಲ್ ನಮ್ಮ ಪಾರ್ಟಿ ಅಂತ ಬರೆದುಕೊಳ್ಳಿ.

ಮಂಜ: ಥಾಮಸ್ ಚೆನ್ನಾಗಿದ್ದಾನೆ, ಒಪ್ಪಿದೆ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ತರ್ಕ ಮುಟ್ಟದ ಜಾಗ ಬಂದ ಕೂಡಲೇ ಇದು ನಂಬಿಕೆ ಅಂತ ಬೇಲಿ ಹಾಕಿದ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿಯೇಕತ್ವ ಬೇಲಿಯ ಒಳಗೆ. ಅಲ್ಲಿ ತತ್ವಶಾಸ್ತ್ರಕ್ಕೆ ಏನು ಕೆಲಸ?

ಪ್ರಶಾಂತ: ಅಲ್ಲಿ ಅದರ ಕೆಲಸ ಚಿಕ್ಕದು. ಸಾಬೀತು ಮಾಡುವುದಲ್ಲ. ಇದು ಅಸಂಬದ್ಧ ಅಂತ ಯಾರಾದರೂ ಹೇಳಿದರೆ ಆ ಆಕ್ಷೇಪಕ್ಕೆ ಉತ್ತರ ಕೊಡುವುದು. ತತ್ವಶಾಸ್ತ್ರವನ್ನು ದೈವಶಾಸ್ತ್ರದ ದಾಸಿ ಅಂತ ಕರೆದದ್ದೂ ಅದಕ್ಕೇ. ನನಗೆ ಆ ಮಾತು ಹಿಡಿಸುವುದಿಲ್ಲ, ನಾನು ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದ್ದು ದಾಸಿಯದ್ದಾ ಅನ್ನಿಸುತ್ತದೆ.

ಲೀನಾ: ಆದರೆ ಥಾಮಸನ ಪುಸ್ತಕದ ಕ್ರಮ ನೋಡಬೇಕು ಸರ್. ದೇವರಿದ್ದಾನಾ ಅನ್ನುವ ಭಾಗ ತೆರೆದರೆ ಮೊದಲ ಮಾತೇ, ದೇವರಿಲ್ಲ ಅನ್ನಿಸುತ್ತದೆ ಅಂತ. ಎರಡು ಆಕ್ಷೇಪ. ಒಂದು, ಎಲ್ಲೆಯಿಲ್ಲದ ಒಳ್ಳೆಯತನ ಇದ್ದಿದ್ದರೆ ಕೆಡುಕು ಇರಬಾರದಿತ್ತು, ಆದರೆ ಇದೆ. ಇನ್ನೊಂದು, ಜಗತ್ತಿನಲ್ಲಿ ನಡೆಯುವುದೆಲ್ಲ ಪ್ರಕೃತಿಯಿಂದ, ಮನುಷ್ಯನ ಇಚ್ಛೆಯಿಂದ ಆಗುತ್ತದೆ, ದೇವರು ಯಾಕೆ ಬೇಕು. ಪೋಸ್ಟರ್ ಮಾಡಿದವನಿಗಿಂತ ಚೆನ್ನಾಗಿ ಬರೆದಿದ್ದಾನೆ.

ಮಂಜ: ಮೊದಲನೆಯದಕ್ಕೆ ಉತ್ತರ ಏನು ಕೊಟ್ಟ?

ಲೀನಾ: ಅವನಿಗಿಂತ ಹಿಂದಿನ ಸಂತ ಅಗಸ್ಟೀನನ ಮಾತು ತಂದ. ಕೆಡುಕಿನಿಂದಲೂ ಒಳ್ಳೆಯದನ್ನು ತೆಗೆಯುವಷ್ಟು ಶಕ್ತಿ, ಒಳ್ಳೆಯತನ ದೇವರಿಗಿದೆ, ಅದಕ್ಕೇ ಕೆಡುಕನ್ನು ಬಿಟ್ಟಿದ್ದಾನೆ ಅಂತ.

ಮಂಜ: ಹೋದ ವರ್ಷ ತಂಗಿಯ ಮಗು ಐಸಿಯುನಲ್ಲಿದ್ದಾಗ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಂದವರೆಲ್ಲ ಇದೇ ಮಾತು ಹೇಳಿದರು. ಯಾವ ದೇವರ ಕಡೆಯವರು ಅಂತ ಇಲ್ಲ, ಎಲ್ಲರೂ. ಎದ್ದು ಹೋಗಿ ಟೀ ಅಂಗಡಿಯಲ್ಲಿ ನಿಂತೆ.

(ಆ ಮಗು ಉಳಿಯಲಿಲ್ಲ. ಗುಂಪಿನಲ್ಲಿ ಎಲ್ಲರಿಗೂ ಗೊತ್ತು.)

ಲೀನಾ: ನನಗೂ ಆ ಉತ್ತರ ಸಾಲದು ಮಂಜಾ.

ಮಂಜ: ನೀನು ಪ್ರತಿ ಭಾನುವಾರ ಪೂಜೆಗೆ ಹೋಗುವವಳು. ನಿನಗೇ ಸಾಲದಾ?

ಲೀನಾ: ಸಾಲದು. ಹೋಗುತ್ತೇನೆ, ಸಾಲದು. ಬೈಬಲಿನಲ್ಲಿ ಯೋಬನ ಕಥೆ ಓದು. ಮಕ್ಕಳು ಸತ್ತು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತಿರುತ್ತಾನೆ. ಗೆಳೆಯರು ಬಂದು ದೇವರ ಪರವಾಗಿ ವಾದ ಮಾಡುತ್ತಾರೆ. ಅವನು ದೇವರನ್ನೇ ಕೋರ್ಟಿಗೆ ಎಳೆಯುವ ಹಾಗೆ ಪ್ರಶ್ನೆ ಕೇಳುತ್ತಾನೆ. ದೇವರು ಅವನನ್ನೂ ಗದರುತ್ತಾನೆ. ಆದರೆ ಕೊನೆಯ ಅಧ್ಯಾಯದಲ್ಲಿ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಯೋಬ, ನೀವಲ್ಲ ಅಂತ ಬೈಸಿಕೊಳ್ಳುವವರು ಆ ಗೆಳೆಯರು.

ಪ್ರಶಾಂತ: ಹೌದು. 42ನೇ ಅಧ್ಯಾಯ.

ಮಂಜ: ಕನ್ನಡದ್ದು ಪಿಡಿಎಫ್ ಇದ್ದರೆ ಹಾಕು. ಓದುತ್ತೇನೆ. ಪೋಸ್ಟರ್ ಮಾತ್ರ ತೆಗೆಯಲ್ಲ.