ಟ್ರೆಡ್‌ಮಿಲ್‌ನಲ್ಲಿ ದಮ್ಮು ಬಂತು, ಬಂಡೆಯ ಮೇಲೆ ಕೈ ಸೋತಿತು

ಪ್ರಶ್ನೆ (ಮಂಡ್ಯ): ನಮಸ್ಕಾರ ಮೇಡಂ. ನನಗೆ 34 ವರ್ಷ, ಬ್ಯಾಂಕ್ ಉದ್ಯೋಗಿ. ಒಂದು ವರ್ಷದಿಂದ ಭಾನುವಾರಗಳಂದು ಗೆಳೆಯರ ಜೊತೆ ಪಾಂಡವಪುರದ ಕುಂತಿಬೆಟ್ಟಕ್ಕೆ ಹೋಗಿ, ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿದ್ದೇನೆ. ದಮ್ಮು ಸಾಲುತ್ತಿಲ್ಲ ಎನ್ನಿಸಿ, ಅಪ್ಪನ ಸಕ್ಕರೆ ಕಾಯಿಲೆಗೆಂದು ತಂದಿದ್ದ ಟ್ರೆಡ್‌ಮಿಲ್ ಮೇಲೆ ಮೂರು ತಿಂಗಳಿಂದ ದಿನವೂ 40 ನಿಮಿಷ ಓಡುತ್ತಿದ್ದೇನೆ. ಬಂಡೆಯ ಬುಡದವರೆಗೆ ನಡೆಯುವಾಗ ಈಗ ಏದುಸಿರಿಲ್ಲ. ಆದರೆ ಅರ್ಧ ಹತ್ತುವಷ್ಟರಲ್ಲಿ ಕೈ ಕಲ್ಲಾಗುತ್ತದೆ, ಬೆರಳುಗಳು ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಕಳೆದ ವಾರ ಕೆಳಗಿಳಿದ ಮೇಲೆ ಬೈಕಿನ ಕ್ಲಚ್ ಹಿಡಿಯಲೂ ಆಗದೆ ಕಾಲು ಗಂಟೆ ಕುಳಿತಿದ್ದೆ. ಡಿಸೆಂಬರ್‌ನಲ್ಲಿ ಬಾದಾಮಿಗೆ ಹೋಗಬೇಕೆಂದಿದ್ದೇವೆ. ಇನ್ನೂ ಹೆಚ್ಚು ಓಡಬೇಕೇ?

ಉತ್ತರ (ಫಿಸಿಯೋಥೆರಪಿಸ್ಟ್, ಮೈಸೂರು): ಓಟವನ್ನು ಹೆಚ್ಚಿಸಬೇಡಿ. ಸೋಲುತ್ತಿರುವುದು ಎಲ್ಲಿ ಎಂಬುದು ಕ್ಲಚ್ಚಿನ ಮಾತಿನಲ್ಲೇ ಇದೆ.

ಬೆರಳುಗಳೊಳಗೆ ಮಾಂಸಖಂಡವಿಲ್ಲ. ಅವನ್ನು ಬಿಗಿಯಾಗಿ ಮಡಿಸುವ ಮುಖ್ಯ ಖಂಡಗಳಿರುವುದು ಮೊಣಕೈಗೂ ಮಣಿಕಟ್ಟಿಗೂ ನಡುವೆ, ಮುಂಗೈಯಲ್ಲಿ. ಬಲ ಮುಂಗೈಯ ಒಳಬದಿಯ ಮೇಲೆ ಎಡ ಅಂಗೈ ಇಟ್ಟು, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ. ಚರ್ಮದಡಿ ದಾರ ಜಗ್ಗಿದಂತೆ ಅಲುಗುವುದು ತಿಳಿಯುತ್ತದೆ. ನೀವು ಬಂಡೆಯ ಅಂಚನ್ನು ಬಲವಾಗಿ ಹಿಡಿದಾಗ ಈ ಖಂಡಗಳು ಬಿಗಿದು, ತಮ್ಮೊಳಗೆ ಹಾದುಹೋಗುವ ರಕ್ತನಾಳಗಳನ್ನು ತಾವೇ ಅದುಮುತ್ತವೆ. ಆಮ್ಲಜನಕ ಒಳಗೆ ಬರುವುದೂ ಕಷ್ಟ, ದಣಿವಿನ ಕಸ ಹೊರಗೆ ಹೋಗುವುದೂ ಕಷ್ಟ. ಕನ್ನಂಬಾಡಿಯಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ತೂಬು ಮುಚ್ಚಿದ್ದರೆ ಗದ್ದೆ ಒಣಗುತ್ತದಲ್ಲ, ಹಾಗೆ. ಓಡಿ ಓಡಿ ನೀವು ಅಣೆಕಟ್ಟು ತುಂಬಿಸಿದ್ದೀರಿ.

ಆ ಮೂರು ತಿಂಗಳು ವ್ಯರ್ಥವಾಗಿಲ್ಲ. ಒಮ್ಮೆ ಹತ್ತಿಳಿದು ಮತ್ತೆ ಹತ್ತುವ ನಡುವೆ ಬೇಗ ಚೇತರಿಸಿಕೊಳ್ಳುವುದು, ಸಂಜೆಯವರೆಗೂ ತಲೆ ಚುರುಕಾಗಿರುವುದು ಆ ದುಡಿಮೆಯ ಫಲ. ಅದನ್ನು ಉಳಿಸಿಕೊಳ್ಳಲು ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಟ್ರೆಡ್‌ಮಿಲ್‌ನ ಏರು ಹೆಚ್ಚಿಸಿ, 30ರಿಂದ 40 ನಿಮಿಷ ಬಿರುಸಾಗಿ ನಡೆಯಿರಿ. ಪೂರ್ತಿ ವಾಕ್ಯ ಮಾತನಾಡಲು ಆಗುವಷ್ಟೇ ವೇಗವಿರಲಿ. ಮುಂದಿನ ಕಂಬಿಯನ್ನು ಹಿಡಿಯಬೇಡಿ. ಹಿಡಿದರೆ ಏರಿನ ಭಾರ ಕಾಲಿಗೆ ಪೂರ್ತಿ ಬೀಳುವುದಿಲ್ಲ. ಮೂರನೆಯ ದಿನ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು.

ಉಳಿದ ಶ್ರಮವನ್ನು ಬಂಡೆಗೆ ಕೊಡಿ. ಭಾನುವಾರ ಹತ್ತುವ ಮೊದಲು, ನೆಲದಿಂದ ಒಂದೆರಡು ಅಡಿ ಎತ್ತರದಲ್ಲೇ ದೊಡ್ಡ ದೊಡ್ಡ ಹಿಡಿಗಳನ್ನು ಹಿಡಿದು 15ರಿಂದ 20 ನಿಮಿಷ ಅಡ್ಡಡ್ಡಲಾಗಿ ಸಾಗಿ. ಕೈ ಬೆಚ್ಚಗಾಗಬೇಕು, ಕಲ್ಲಾಗಬಾರದು. ಇದು ಬೇಸರದ ಕೆಲಸ, ಗೆಳೆಯರು ಆಗಲೇ ಮೇಲೇರುತ್ತಿರುತ್ತಾರೆ, ಆದರೂ ಬಿಡಬೇಡಿ. ಮುಂಗೈಯ ಸೂಕ್ಷ್ಮ ರಕ್ತನಾಳಗಳು ಬೆಳೆಯುವುದು ಇಂಥ ಹಗುರವಾದ, ದೀರ್ಘ ಕೆಲಸದಿಂದ. ವಾರದ ನಡುವೆ ಒಮ್ಮೆ ಮನೆಯಲ್ಲಿ, ಬಾಗಿಲ ಮೇಲಿನ ಕಂಬಿ ಹಿಡಿದು ಪಾದಗಳನ್ನು ಸ್ಟೂಲಿನ ಮೇಲಿಟ್ಟು, ಏಳು ಸೆಕೆಂಡ್ ಕೈಗಳ ಮೇಲೆ ಭಾರ ಬಿಡಿ, ಮೂರು ಸೆಕೆಂಡ್ ಬಿಡುವು ಕೊಡಿ. ಆರು ಸಲವಾದರೆ ಒಂದು ಸುತ್ತು. ಮೂರು ಸುತ್ತು ಸಾಕು. ಈ ಎರಡು ಕೆಲಸಗಳ ನಡುವೆ 48 ಗಂಟೆ ವಿರಾಮವಿರಲಿ. ಖಂಡಗಳು ಬೇಗ ಬಲಿಯುತ್ತವೆ, ಅವನ್ನು ಬೆರಳಿನ ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನ. ಉಂಗುರ ಬೆರಳಿನ ಬುಡದಲ್ಲಿ ಚುಚ್ಚಿದಂತೆ ನೋವು ಬಂದರೆ ಅಂದೇ ನಿಲ್ಲಿಸಿ.

ಪ್ರಶ್ನೆ (ಕುವೆಂಪುನಗರ, ಮೈಸೂರು): ಮೇಡಂ, ಹಾಗಾದರೆ ದೋಣಿಗೆ ಹುಟ್ಟು ಹಾಕಿದಂತೆ ಕೈಯಿಂದ ಎಳೆಯುವ ರೋಯಿಂಗ್ ಯಂತ್ರ ಒಳ್ಳೆಯದಲ್ಲವೇ? ನಮ್ಮ ಮನೆಯಲ್ಲಿ ವ್ಯಾಯಾಮದ ಸೈಕಲ್ ಇದೆ, ಅದನ್ನು ಮಾರಿ ತರೋಣವೆಂದಿದ್ದೇನೆ.

ಉತ್ತರ: ಅದಕ್ಕಾಗಿ ಸೈಕಲ್ ಮಾರಬೇಡಿ. ರೋಯಿಂಗ್‌ನಲ್ಲಿ ಬಲ ಬರುವುದು ಹೆಚ್ಚಾಗಿ ಕಾಲು, ಬೆನ್ನುಗಳಿಂದ. ಹಿಡಿ ದುಂಡಗಿರುತ್ತದೆ, ಬೆರಳು ಬರಿಯ ಕೊಕ್ಕೆ. ಬಂಡೆಯ ಕಿರಿದಾದ ಅಂಚಿಗೆ ಅದರಿಂದ ಹೆಚ್ಚಿನ ತಯಾರಿಯಾಗದು. ಮೇಲಾಗಿ ಶನಿವಾರ ರೋಯಿಂಗ್ ಮಾಡಿದರೆ ಭಾನುವಾರದ ಕೈ ಅರ್ಧ ದಣಿದೇ ಇರುತ್ತದೆ. ಸೈಕಲ್ ಬೆರಳುಗಳನ್ನು ಮುಟ್ಟುವುದಿಲ್ಲ, ಅದೇ ಅದರ ದೊಡ್ಡ ಗುಣ. ಪೆಡಲ್ ಕೆಳಗಿದ್ದಾಗ ಮಂಡಿ ತುಸು ಮಡಿಸಿರುವಂತೆ ಸೀಟಿನ ಎತ್ತರ ಹೊಂದಿಸಿಕೊಳ್ಳಿ.

ಅಂದಹಾಗೆ, ನಿಮ್ಮ ಊರಿನಲ್ಲಿ ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಚೀಲಕ್ಕೆ ಹಗ್ಗ, ನೀರು ತುಂಬಿ ಬೆಳಗ್ಗೆ ಹತ್ತಿ. ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚು, ಹಾಗಾಗಿ ವಾಪಸ್ ಬಸ್ಸಿನಲ್ಲಿ ಬನ್ನಿ.

ಮರುಪ್ರಶ್ನೆ (ಮಂಡ್ಯ): ಧನ್ಯವಾದ ಮೇಡಂ. ಅರ್ಧದಲ್ಲಿ ಕೈ ಕಲ್ಲಾದಾಗ ಅಲ್ಲೇ ಏನು ಮಾಡಲಿ?

ಉತ್ತರ: ಕಾಲು ಭದ್ರವಾಗಿರುವ ಜಾಗಕ್ಕೆ ಮೊದಲೇ ಕಣ್ಣಿಟ್ಟಿರಿ. ಅಲ್ಲಿ ನಿಂತು, ಹಿಡಿದ ಕೈಯನ್ನು ನೇರ ಮಾಡಿ ಭಾರವನ್ನು ಕಾಲಿಗೆ ಬಿಡಿ. ಇನ್ನೊಂದು ಕೈಯನ್ನು ಐದು ಸೆಕೆಂಡ್ ಕೆಳಗೆ ಜೋತುಬಿಟ್ಟು ಕೊಡವಿ, ಐದು ಸೆಕೆಂಡ್ ತಲೆಯ ಮೇಲೆತ್ತಿ. ಮೇಲೆತ್ತಿದಾಗ ಕಟ್ಟಿಕೊಂಡ ರಕ್ತ ಇಳಿದುಬರಲು ದಾರಿಯಾಗುತ್ತದೆ. ನಂತರ ಕೈ ಬದಲಿಸಿ. ಉಸಿರು ಬಿಗಿ ಹಿಡಿದಿದ್ದೀರೇ ಎಂದು ಆಗ ಗಮನಿಸಿ. ಹೆದರಿಕೆಯಲ್ಲಿ ನಾವು ಬೇಕಾದುದಕ್ಕಿಂತ ಬಲವಾಗಿ ಹಿಡಿಯುತ್ತೇವೆ. ಬಾದಾಮಿಯ ಕಲ್ಲು ಮರಳುಗಲ್ಲು, ಕುಂತಿಬೆಟ್ಟದ ಕಲ್ಲಿನಂತಲ್ಲ. ಮಳೆ ಬಿದ್ದಿದ್ದರೆ ಪೂರ್ತಿ ಒಣಗುವವರೆಗೆ ಹತ್ತಬೇಡಿ, ಒದ್ದೆಯಿದ್ದಾಗ ಅಂಚುಗಳು ಮುರಿಯುತ್ತವೆ. ಹೊರಡುವ ಮೊದಲಿನ ಐದು ದಿನ ಬಾಗಿಲ ಕಂಬಿಯನ್ನು ಮುಟ್ಟಬೇಡಿ, ಟ್ರೆಡ್‌ಮಿಲ್ ಮೇಲೆ ನಡೆದರೆ ಸಾಕು.