28 ಇಂಚಿನ ಸೈಕಲ್‌ಗೆ 68 ಇಂಚಿನ ಗೇರ್ ಹೇಗೆ? ಏರಿಗೆ ಎಷ್ಟು ಹಲ್ಲು ಹಾಕಿಸಬೇಕು?

ಗಿರಿದಾರಿ, ಚಿಕ್ಕಮಗಳೂರು:
ಹಳೇ 28 ಇಂಚಿನ ರಾಡ್ ಬ್ರೇಕ್ ಸೈಕಲ್. ಮುಂದೆ 44 ಹಲ್ಲು, ಹಿಂದೆ 18. ಪೇಟೆಯೊಳಗೆ ಸಲೀಸು, ಮುಳ್ಳಯ್ಯನಗಿರಿ ದಾರಿಯ ಕೈಮರದ ಕಡೆ ಏರು ಬಂದರೆ ಎದ್ದುನಿಂತು ತುಳಿಯಬೇಕು. ಇದನ್ನು 68 ಇಂಚಿನ ಗೇರ್ ಅಂತಾರೆ. ಆ 68 ಎಲ್ಲಿಂದ ಬಂತು? ಏನು ಬದಲಿಸಿದರೆ ಏರು ಹಗುರಾಗುತ್ತೆ?

ಹಳೇಚೈನು:
ಅದು ನಿಮ್ಮ ಸೈಕಲ್ಲಿನಲ್ಲಿ ಇಲ್ಲದ ಚಕ್ರದ ಅಳತೆ! 1870ರ ದಶಕದ ಎತ್ತರದ ಸೈಕಲ್ಲಿಗೆ ಚೈನೇ ಇರಲಿಲ್ಲ, ಪೆಡಲು ಮುಂಚಕ್ರದ ಅಚ್ಚಿಗೇ ಕೂತಿತ್ತು. ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ವೇಗ ಬೇಕಾದರೆ ಚಕ್ರವೇ ಬೆಳೆಯಬೇಕು, ಅದೂ ಸವಾರನ ಕಾಲು ಎಟುಕುವಷ್ಟು ಮಾತ್ರ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂತು. ಹಿಂಚಕ್ರಕ್ಕೆ ಚೈನು, ದೊಡ್ಡ ಚಕ್ರದ ಕೆಲಸ ಹಲ್ಲುಗಳ ಪಾಲಿಗೆ. ಸಣ್ಣ ಚಕ್ರದ ಕುಲುಕಾಟಕ್ಕೆ 1888ರಲ್ಲಿ ಡನ್‌ಲಪ್‌ನ ಗಾಳಿ ಟಯರ್ ಮದ್ದಾಯಿತು. ಲೆಕ್ಕ ಮಾತ್ರ ಹಳೆಯದೇ ಉಳಿಯಿತು: 28×44÷18, ಅಂದರೆ ಸುಮಾರು 68 ಇಂಚು ಅಡ್ಡಳತೆಯ ಚಕ್ರವನ್ನು ನೇರವಾಗಿ ತುಳಿದಂತೆ. ಒಂದು ಸುತ್ತು ತುಳಿದರೆ 5.46 ಮೀಟರ್.

ಹಿಂದೆ 22 ಹಲ್ಲಿನ ಫ್ರೀವೀಲ್ (ಹಿಂಚಕ್ರದ ಹಲ್ಲಿನ ಬಿಲ್ಲೆ) ಹಾಕಿಸಿ. ಗೇರ್ 56ಕ್ಕೆ ಇಳಿಯುತ್ತೆ, ಒಂದು ಸುತ್ತಿಗೆ 4.47 ಮೀಟರ್, ತುಳಿತದ ಭಾರ ಶೇ. 18 ಕಡಿಮೆ. ಮುಂದಿನ ಹಲ್ಲಿನ ಚಕ್ರ ಮುಟ್ಟಬೇಡಿ, ಅದು ಸಾಮಾನ್ಯವಾಗಿ ಬಲಗಡೆ ಕ್ರ್ಯಾಂಕಿಗೇ, ಅಂದರೆ ಪೆಡಲಿನ ತೋಳಿಗೇ ಬಿಗಿದಿರುತ್ತೆ.

ಬೈಸು_ಸ್ಪ್ಯಾನರ್, ಹಾಸನ:
ಫ್ರೀವೀಲ್ ಬಿಚ್ಚುವಾಗಲೇ ಎಡವಟ್ಟು ಆಗೋದು. ಫ್ರೀವೀಲಿನ ಎರಡು ಕಚ್ಚಿಗೆ ಕೂರುವ ಬಿಚ್ಚುಗವನ್ನು (ಬಿಚ್ಚುವ ಉಪಕರಣ) ಅಚ್ಚಿನ ನಟ್ಟಿನಿಂದ ಹಗುರವಾಗಿ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಅದು ಜಾರಿ ಕಚ್ಚುಗಳೇ ಕಿತ್ತುಹೋಗುತ್ತವೆ. ಬಿಚ್ಚುಗವನ್ನು ಬೈಸಿಗೆ (ಮೇಜಿಗೆ ಬಿಗಿದ ಹಿಡಿಕೆಗೆ) ಕಚ್ಚಿಸಿ, ಮೇಲಿಂದ ನೋಡುತ್ತಾ ಇಡೀ ಚಕ್ರವನ್ನು ಎಡಕ್ಕೆ ತಿರುಗಿಸಿ. ಸಡಿಲವಾದ ಕೂಡಲೇ ನಟ್ಟು ತೆಗೆಯಿರಿ. ಹೊಸದನ್ನು ಕೂರಿಸುವ ಮೊದಲು ತಿರುಪಿನ ಮರೆಗೆ ಗ್ರೀಸ್ ಸವರಿ.

ನಾಲ್ಕು ಹಲ್ಲು ಹೆಚ್ಚಾದರೆ ಚೈನಿಗೆ ಒಂದು ಇಂಚು, ಅಂದರೆ ಒಳಗಿನದೊಂದು ಹೊರಗಿನದೊಂದು ಕೊಂಡಿ ಬೇಕು. ಇಲ್ಲವೇ ಚಕ್ರ ಅರ್ಧ ಇಂಚು ಮುಂದೆ ಸರಿಯಬೇಕು. ಸರಿಸಿದರೆ ಹಿಂದಿನ ಬ್ರೇಕಿನ ರಬ್ಬರ್ ಕಟ್ಟೆಗಳನ್ನೂ ಮತ್ತೆ ಹೊಂದಿಸಿ. ಚೈನಿನ 24 ಕೊಂಡಿ ಅಳೆದು ನೋಡಿ, ಸರಿಯಾಗಿ 12 ಇಂಚು ಇರಬೇಕು. 12⅛ ಬಂದರೆ ಸವೆದ ಚೈನು, ಹೊಸ ಹಲ್ಲಿನ ಮೇಲೆ ಹಾರುತ್ತೆ. ಅದನ್ನೂ ಬದಲಿಸಿ.

ಹಳೇಚೈನು:
ಇನ್ನೊಂದು ಮಾತು. ಊರು 1,090 ಮೀಟರ್ ಎತ್ತರದಲ್ಲಿದ್ದರೆ ಮುಳ್ಳಯ್ಯನಗಿರಿ 1,930. ಕೈಮರ ದಾಟಿದ ಮೇಲಿನ ಕಡಿದಾದ ಏರಿಗೆ 22 ಹಲ್ಲೂ ಸಾಲದು, ಇಳಿದು ತಳ್ಳಿ. ಮಳೆಯಲ್ಲಂತೂ ಆ ಇಳಿಜಾರಿಗೆ ಈ ಸೈಕಲ್ ಬೇಡವೇ ಬೇಡ. ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ರಬ್ಬರ್ ಕಟ್ಟೆ ಹಿಡಿಯೋದಿಲ್ಲ.