ಜುಲೈ 28ಕ್ಕೆ ಪೆರು ರಾಜಧಾನಿ ಲಿಮಾದಲ್ಲಿ ಇರೋದಾ ಬೇಡ್ವಾ? ಹೋಗಿ ಬಂದವರು ಅನುಭವ ಹೇಳಿ

ಕೆಂಗೇರಿ ಪಯಣಿಗ:
ಎಲ್ರಿಗೂ ನಮಸ್ಕಾರ. ಜುಲೈ 26ಕ್ಕೆ ಲಿಮಾದಲ್ಲಿ ಇಳಿದು 30ಕ್ಕೆ ಕುಸ್ಕೋಗೆ ಹೊರಡೋ ಪ್ಲಾನ್. ನಾನು, ನನ್ನ ಹೆಂಡತಿ, ಅಮ್ಮ (67 ವರ್ಷ, ಬಿಪಿ ಇದೆ, ಮೊಟ್ಟೆನೂ ತಿನ್ನಲ್ಲ). ಮೂವರಿಗೂ ಅಮೆರಿಕ ವೀಸಾ ಇನ್ನೂ ನಾಲ್ಕು ವರ್ಷ ಇರೋದ್ರಿಂದ ಪೆರು ವೀಸಾ ಬೇಕಾಗಿಲ್ಲ. 28-29 ಅವರ ಸ್ವಾತಂತ್ರ್ಯೋತ್ಸವ ಅಂತ ಟಿಕೆಟ್ ಮಾಡಿದ್ಮೇಲೆ ಗೊತ್ತಾಯ್ತು. ಅಮ್ಮನ್ನ ಕರ್ಕೊಂಡು 29ರ ಸೈನ್ಯದ ಪರೇಡ್ ನೋಡೋಕಾಗತ್ತಾ? ಉಳ್ಕೊಳ್ಳೋಕೆ ಮಿರಾಫ್ಲೋರೆಸ್ ಬಡಾವಣೆ ಒಳ್ಳೇದಾ, ಲಿಮಾದ ಹಳೇ ಊರಾ?

ಹಾಸನದ ಅಲೆಮಾರಿ:
ಆ ವಾರ ಬೇಡ ಸರ್. 2024ರಲ್ಲಿ ನಾನು ಅದೇ ತಪ್ಪು ಮಾಡಿದೀನಿ, ಆ ತಿಂಗಳ ಕಾರ್ಡ್ ಬಿಲ್ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ಲಿಮಾ-ಕುಸ್ಕೋ ಫ್ಲೈಟು ಜೂನ್ ಮೊದಲ ವಾರ ಒಬ್ರಿಗೆ 58 ಡಾಲರ್ ಇತ್ತು, ಇಳಿಯತ್ತೆ ಅಂತ ಕಾದೆ, ಜೂನ್ 25ಕ್ಕೆ 131 ಆಯ್ತು, ಜುಲೈ 10ಕ್ಕೆ 188, ಅದ್ರ ಮೇಲೆ ಬ್ಯಾಗಿಗೆ 35, ಇಬ್ರಿಗೆ ಬರೀ ಹೋಗೋದಕ್ಕೇ 446 ಡಾಲರ್, ಅಂದ್ರೆ 37 ಸಾವಿರ ರೂಪಾಯಿ ಒಂದೂಕಾಲು ಗಂಟೆ ಫ್ಲೈಟಿಗೆ. ಯಾಕೆ ಅಂದ್ರೆ ಅಲ್ಲಿ ಕಾಯಂ ಕೆಲಸದವರಿಗೆ ಜುಲೈನಲ್ಲೊಂದು ಡಿಸೆಂಬರಲ್ಲೊಂದು ತಿಂಗಳ ಸಂಬಳ ಎಕ್ಸ್ಟ್ರಾ ಬರತ್ತೆ, ಗ್ರಾಟಿಫಿಕಾಸಿಯೋನ್ ಅಂತಾರೆ, ಶಾಲೆಗೂ ಚಳಿಗಾಲದ ರಜ, ಕೈಲಿ ಕಾಸು ಇದ್ದೋರೆಲ್ಲ ಊರಿಗೆ ಹೊರಡ್ತಾರೆ. ದೀಪಾವಳಿ ಹಿಂದಿನ ರಾತ್ರಿ ಮೆಜೆಸ್ಟಿಕ್ ಹೆಂಗಿರತ್ತೋ ಹಂಗೆ. ಬಸ್ಸಲ್ಲಿ ಹೋಗೋಣ ಅಂದ್ರೆ 20 ಗಂಟೆ ಮೇಲೆ. ಇಷ್ಟೆಲ್ಲ ಆಗಿ 27ನೇ ತಾರೀಕು ರಾತ್ರಿ ಹೋಟೆಲ್‌ನೋರು ರೂಮ್ ಡಬಲ್ ಬುಕ್ ಆಗಿದೆ ಅಂತ ಕೈ ಎತ್ತಿಬಿಟ್ರು, ರಾತ್ರಿ ಹನ್ನೊಂದಕ್ಕೆ ಇನ್ನೊಂದು ರೂಮ್ 140 ಡಾಲರ್. ಆ ದುಡ್ಡು ವಾಪಸ್ ಬರೋಕೆ ನಾಲ್ಕು ತಿಂಗಳು, 19 ಇಮೇಲ್.

ಡಾಲಸ್ ಸೊಸೆ:
ಲೇಟಾಗಿ ಬುಕ್ ಮಾಡಿದ್ದು ನಿಮ್ಮ ತಪ್ಪು ಸರ್, ಅದಕ್ಕೆ ಹಬ್ಬಾನೇ ಬೇಡ ಅಂದ್ರೆ ಹೆಂಗೆ. ನಾವು ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ವಿ, ನನ್ನ ಜೀವನದಲ್ಲಿ ಮಾಡಿದ ಒಳ್ಳೆ ಕೆಲಸಗಳಲ್ಲಿ ಅದೊಂದು. ಮಾವ ಕೊಡಗಿನವರು, 24 ವರ್ಷ ಸೈನ್ಯದಲ್ಲಿದ್ದವರು. ಬೆಳಿಗ್ಗೆ ಐದಕ್ಕೆ ಎದ್ದು ಪರೇಡ್ ನಡೆಯೋ ಅವೆನಿದಾ ಬ್ರೆಸಿಲ್ ರಸ್ತೆಗೆ ಹೋದ್ರೆ ಅಷ್ಟೊತ್ತಿಗೇ ಮೂರು ಸಾಲು ಜನ, ಕೆಲವರು ಏಣಿ ತಂದು ಮೇಲೆ ಮಕ್ಕಳನ್ನ ಕೂರಿಸಿದ್ರು. ಪ್ಲಾಸ್ಟಿಕ್ ಸ್ಟೂಲ್ ಬಾಡಿಗೆಗೆ ಸಿಕ್ತು, 25 ಸೋಲ್ (ಅಲ್ಲಿನ ದುಡ್ಡು) ಕೇಳಿದ್ರು, ಅತ್ತೆ ಕೈ ಸನ್ನೆಯಲ್ಲೇ ಚೌಕಾಸಿ ಮಾಡಿ 15ಕ್ಕೆ ತಂದ್ರು, ಎರಡು ಸ್ಟೂಲು 30. ಚಳಿ, ಮಂಜು, ಮಧ್ಯಾಹ್ನದ ತನಕ ಸೂರ್ಯನೇ ಇಲ್ಲ. ಆದ್ರೆ ಬೆಟ್ಟದ ತುಕಡಿಯವರು ಬಿಳಿ ಬಟ್ಟೆ ಹಾಕ್ಕೊಂಡು ಬಂದಾಗ ಮಾವ ಸ್ಟೂಲಿಂದ ಎದ್ದು ಅಟೆನ್ಷನ್‌ನಲ್ಲಿ ನಿಂತ್ರು. ಪಕ್ಕದಲ್ಲಿದ್ದ ಅಜ್ಜ ಒಬ್ರು ಅದನ್ನ ನೋಡಿ ತಮ್ಮ ಕೋಟಿಂದ ಕೆಂಪು-ಬಿಳಿ ಎಸ್ಕರಪೇಲಾ ಬ್ಯಾಡ್ಜ್ ಬಿಚ್ಚಿ ಮಾವನಿಗೆ ಚುಚ್ಚಿದ್ರು. ಆಮೇಲಿಂದ ಪೂಜೆ ರೂಮಲ್ಲಿದೆ ಅದು.

ಕುಡ್ಲದವ:
ಮೇಡಂ, ಪುಣ್ಯಕ್ಕೆ ನಿಮ್ಮ ವರ್ಷ ಗಲಾಟೆ ಇರ್ಲಿಲ್ಲ. ನಾವು ಹೋದದ್ದು 2023ರಲ್ಲಿ, ಜುಲೈ 19ಕ್ಕೇ ಸರ್ಕಾರದ ವಿರುದ್ಧ ದೊಡ್ಡ ಮೆರವಣಿಗೆ ಆಗಿತ್ತು, ತೋಮಾ ದೆ ಲಿಮಾ ಅಂತ. ಹಳೇ ಊರು ಚಂದ ಉಂಟು ಅಂತ ಪ್ಲಾಸಾ ಸ್ಯಾನ್ ಮಾರ್ತಿನ್ ಎಂಬ ಚೌಕದ ಹತ್ರ ರೂಮು ಮಾಡಿದ್ದೆ, ಮೆರವಣಿಗೆ ಸೇರುವುದೇ ಅಲ್ಲಿ ಅಂತ ನನಗೆಂತ ಗೊತ್ತು ಮಾರಾಯ್ರೆ. 28ಕ್ಕೆ ಬೆಳಿಗ್ಗೆ ಕೆಥೆಡ್ರಲಲ್ಲಿ ತೆ ದೇಉಂ ಪ್ರಾರ್ಥನೆ, ಆಮೇಲೆ ಅಧ್ಯಕ್ಷರು ಕಾಂಗ್ರೆಸ್ಸಿಗೆ, ಅಂದ್ರೆ ಅಲ್ಲಿನ ಸಂಸತ್ತಿಗೆ ಹೋಗಿ ಭಾಷಣ, ಅದಕ್ಕಾಗಿ ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕದ ಸುತ್ತ ಎಲ್ಲ ಬೇಲಿ. 1821ರಲ್ಲಿ ಸೇನಾಪತಿ ಸ್ಯಾನ್ ಮಾರ್ತಿನ್ ಸ್ಪೇನಿನಿಂದ ಸ್ವಾತಂತ್ರ್ಯ ಘೋಷಿಸಿದ ಜಾಗ ಅದು, ಅದೇ ದಿನ ಅಲ್ಲಿ ಕಾಲಿಡ್ಲಿಕ್ಕೆ ಬಿಡುವುದಿಲ್ಲ. ಟ್ಯಾಕ್ಸಿಯವ ಹದಿನಾಲ್ಕು ಬ್ಲಾಕ್ ಮೊದಲೇ ಇಳಿಸಿ ಹೋದ, ಎರಡು ಸೂಟ್‌ಕೇಸು, ಒಂದರ ಚಕ್ರ ಮುರಿದದ್ದು, ಸಂಜೆ ಟಿಯರ್ ಗ್ಯಾಸ್, ಮಗಳ ಕಣ್ಣು ರಾತ್ರಿಯಿಡೀ ಉರಿ. ಉಳಿದ ಎರಡು ರಾತ್ರಿಯ 112 ಡಾಲರ್ ಬಿಟ್ಟು ಲಿಮಾದ್ದೇ ಇನ್ನೊಂದು ಬಡಾವಣೆ ಬರಾಂಕೋಗೆ ಓಡಿದೆವು.

ಡಾಲಸ್ ಸೊಸೆ:
ಒಂದು ವರ್ಷದ ಗಲಾಟೆ ಹೇಳಿ ಜನಾನ ಹೆದರಿಸ್ಬೇಡಿ. ನಾವು ಮಿರಾಫ್ಲೋರೆಸ್‌ನಲ್ಲಿದ್ವಿ, ಏನೂ ಆಗ್ಲಿಲ್ಲ.

ಕುಡ್ಲದವ:
ನಾನು ಹೆದರಿಸಿದ್ದಲ್ಲ, ಆದದ್ದನ್ನು ಹೇಳಿದ್ದು. ಮಗಳ ಕಣ್ಣು ಕೆಂಪಾದದ್ದು ನಿಮಗೆ ಕಾಣಲಿಲ್ಲ ಅಲ್ವಾ.

ಶಿವಮೊಗ್ಗ ಅಕ್ಕ:
ಯಾರೂ ಹಳದಿ ಜ್ವರದ ಲಸಿಕೆ ಬಗ್ಗೆ ಮಾತಾಡ್ತಿಲ್ವಲ್ರೀ! ವಾಪಸ್ ಬರುವಾಗ ಕಾರ್ಡ್ ಇಲ್ದಿದ್ರೆ ಇಂಡಿಯಾದಲ್ಲಿ ಆರು ದಿನದ ತನಕ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದ್ಮೇಲೇನೇ ಕಾರ್ಡಿಗೆ ಬೆಲೆ. ಸೆಂಟರಲ್ಲಿ ಜನ ಸೇರಿದ್ರೇನೇ ಲಸಿಕೆ ಸೀಸೆ ಒಡೆಯೋದು, ನಾನು ಮೂರು ಸಲ ಶಿವಮೊಗ್ಗದಿಂದ ಬೆಂಗಳೂರಿಗೆ ಓಡಾಡಿದೀನಿ, ರೈಲು, ಆಟೋ, ಊಟ ಸೇರಿ ಮೂರು ಸಾವಿರ ಹೋಯ್ತು, ಲಸಿಕೆಗೆ ಕೊಟ್ಟಿದ್ದು ಮುನ್ನೂರು.

ಹಾಸನದ ಅಲೆಮಾರಿ:
ಲಿಮಾ, ಕುಸ್ಕೋಗೆ ಅದು ಬೇಡ ಮೇಡಂ. ಅಮೆಜಾನ್ ಕಾಡಿಗೆ ಹೋಗೋರಿಗೆ ಮಾತ್ರ. ನನ್ನನ್ನ ಯಾರೂ ಕೇಳ್ಲಿಲ್ಲ.

ಶಿವಮೊಗ್ಗ ಅಕ್ಕ:
ಪೆರುನೋರು ಕೇಳೋದಲ್ಲ, ನಮ್ಮೋರು ಕೇಳೋದು! ಪೆರು ದೇಶಾನೇ ನಮ್ಮ ಸರ್ಕಾರದ ಪಟ್ಟೀಲಿದೆ, ನೀವು ಕಾಡಿಗೆ ಹೋಗಿದ್ರಾ ಬೀಚಿಗೆ ಹೋಗಿದ್ರಾ ಅಂತ ಯಾರೂ ನೋಡಲ್ಲ. ನಿಮ್ಮನ್ನ ಕೇಳ್ಲಿಲ್ಲ ಅಂತ ಬೇರೆಯವರಿಗೆ ಬೇಡ ಅನ್ಬೇಡಿ ದಯವಿಟ್ಟು. ನನ್ನ ನಾದಿನಿಯನ್ನ ಎರಡೂವರೆ ಗಂಟೆ ಹೆಲ್ತ್ ಕೌಂಟರ್ ಹತ್ರ ಕೂರಿಸಿದ್ರು, ಕಾರ್ಡು ಸೂಟ್‌ಕೇಸಲ್ಲಿ ಹಾಕಿಬಿಟ್ಟಿದ್ಲು, ಸೂಟ್‌ಕೇಸು ಬೆಲ್ಟ್ ಮೇಲೆ ಸುತ್ತುತ್ತಾ ಇತ್ತು.

ಕಲಬುರಗಿ ಮಂದಿ:
ಒಂದು ಮಾತ ಹೇಳ್ತೀನಿ, 1821ಕ್ಕ ಸ್ವಾತಂತ್ರ್ಯ ಅಂತ ಎಲ್ಲಾರೂ ಅಂತೀರಿ, ಆದ್ರ ಸ್ಪೇನಿನ ಫೌಜು ಸೋತಿದ್ದು 1824 ಡಿಸೆಂಬರ್ 9ಕ್ಕ, ಅಯಾಕುಚೋದಾಗ. ಮೂರು ವರ್ಷ ಘಟ್ಟದ ಮಂದಿ ಇನ್ನಾ ರಾಜನ ಕೈಯಾಗೇ ಇದ್ರು. ನಾ ಪರೇಡ್ ಬಿಟ್ಟು ರಾತ್ರಿ ಬಸ್ ಹಿಡದು ಅಯಾಕುಚೋಕ್ಕ ಹೋದೆ, ಅಲ್ಲಿಂದ ಕಿನುವಾ ಅನ್ನೋ ಊರು, ಯುದ್ಧ ನಡದ ಬಯಲಾಗ ಅದರ ನೆನಪಿಗೆ 44 ಮೀಟರ್ ಎತ್ತರದ ಬಿಳೀ ಕಂಬ ಅದ. ಹತ್ತು ಮಂದಿನೂ ಇರಲಿಲ್ಲ. ನಮ್ಮ ಕಡಿನೂ ಹಂಗೇ ಅದಲ್ರಿ, 1947 ಆಗಸ್ಟ್ 15ಕ್ಕ ನಾವು ನಿಜಾಮನ ಕೈಯಾಗೇ ಇದ್ವಿ, ನಮಗ ಬಿಡುಗಡಿ ಸಿಕ್ಕಿದ್ದು 1948 ಸೆಪ್ಟೆಂಬರ್ 17. ಅದಕ್ಕ ಆ ಬಯಲಾಗ ನಿಂತಾಗ ನನಗ ಕಣ್ಣಾಗ ನೀರು ಬಂತು.

ಡಾಲಸ್ ಸೊಸೆ:
ಪ್ರಶ್ನೆ ಲಿಮಾ ಬಗ್ಗೆ. ಇತಿಹಾಸದ ಪಾಠ ಯಾಕೆ ಇಲ್ಲಿ?

ಕಲಬುರಗಿ ಮಂದಿ:
ನಿಮ್ಮ ಮಾವನ ಕತಿ ನಾವು ಓದಿಲ್ಲೇನ್ರಿ? ನಮ್ಮ ಊರಿನ ಮಾತು ಬಂದ ಕೂಡ್ಲೆ ಪಾಠ ಆಗ್ತದ. ಬೆಂಗಳೂರು ಮೈಸೂರು ಮಂದಿಗಿ ಸೆಪ್ಟೆಂಬರ್ 17 ಯಾವಾಗ್ಲೂ ನೆನಪಿರಂಗಿಲ್ಲ.

ಡಾಲಸ್ ಸೊಸೆ:
ನಾನು ಮೈಸೂರಿನವಳಲ್ಲ, ಬಳ್ಳಾರಿಯವಳು.

ಕಲಬುರಗಿ ಮಂದಿ:
ಬಳ್ಳಾರಿ ಮದ್ರಾಸಿನಾಗ ಇತ್ತು, ನಿಮಗ ಹೆಂಗ ತಿಳೀಬೇಕು.

ಬಸವನಗುಡಿ ರಾಯರು:
ಜಗಳ ಸಾಕು. ಊಟದ ಬಗ್ಗೆ ಹೇಳ್ತೀನಿ, ನಾನು ಪಟ್ಟ ಪಾಡು ಯಾರಿಗೂ ಬೇಡ. ಸಿನ್ ಕಾರ್ನೆ, ಅಂದ್ರೆ ಮಾಂಸ ಬೇಡ ಅಂದೆ, ಚೀಫಾ, ಅಂದ್ರೆ ಅಲ್ಲಿನ ಚೈನೀಸ್ ಹೋಟೆಲಲ್ಲಿ ಫ್ರೈಡ್ ರೈಸ್ ಒಳಗೆ ಕೋಳಿ ಬಂತು, ಅವರಿಗೆ ಕಾರ್ನೆ ಅಂದ್ರೆ ದನದ ಮಾಂಸ, ಕೋಳಿ ಲೆಕ್ಕಕ್ಕಿಲ್ಲ. ಸಿನ್ ಪೋಯೋ, ಸಿನ್ ಪೆಸ್ಕಾದೋ, ಸಿನ್ ವೇವೋ, ಸಿನ್ ಹಮೋನ್, ಅಂದ್ರೆ ಕೋಳಿ, ಮೀನು, ಮೊಟ್ಟೆ, ಹಂದಿ ಮಾಂಸ ಬೇಡ ಅಂತ ಒಂದೊಂದನ್ನೂ ಹೇಳ್ಬೇಕು, ನಾನು ಚೀಟಿ ಬರೆಸಿ ಜೇಬಲ್ಲಿಟ್ಟಿದ್ದೆ. 28ಕ್ಕೆ ಸಸ್ಯಾಹಾರಿ ಹೋಟೆಲ್ ಮೂರೂ ಮುಚ್ಚಿತ್ತು. ಬೇಯಿಸಿದ ಜೋಳ, ಚೀಸು, ಬಾಳೆಹಣ್ಣು, ಅಷ್ಟೇ ಎರಡು ದಿನ. ಸಂಜೆ ಪಿಕರೋನೆಸ್ ಸಿಕ್ತು, ಸಿಹಿಗೆಣಸು ಕುಂಬಳಕಾಯಿ ಹಿಟ್ಟಿನ ಬಳೆ ಕರಿದು ಬೆಲ್ಲದ ಪಾಕ ಸುರೀತಾರೆ. ಆರು ಸೋಲ್ ಪ್ಲೇಟು, ನಾಲ್ಕು ಪ್ಲೇಟು ತಿಂದೆ.

ಹಾಸನದ ಅಲೆಮಾರಿ:
ಅದೇ ಎಣ್ಣೇಲಿ ಬೇರೆ ಏನು ಕರೀತಾರೋ ಕೇಳಿದ್ರಾ?

ಬಸವನಗುಡಿ ರಾಯರು:
ಕೇಳಿದೆ. ಬರೀ ಅದೊಂದನ್ನೇ ಕರಿಯೋ ಗಾಡಿ ಅದು. ತಿನ್ನುವಾಗ ನಾನು ನೋಡ್ಕೊಂಡೇ ತಿಂದಿದೀನಿ, ನೀವು ಹೇಳಿಕೊಡಬೇಕಾಗಿಲ್ಲ.

ಕೆಂಗೇರಿ ಪಯಣಿಗ:
ಎಲ್ರಿಗೂ ಥ್ಯಾಂಕ್ಸ್. ಮಿರಾಫ್ಲೋರೆಸ್‌ನಲ್ಲೇ ರೂಮ್ ಮಾಡ್ತೀವಿ. ಪರೇಡಿಗೆ ಅಮ್ಮ ಅಷ್ಟು ಹೊತ್ತು ಕೂರ್ತಾರಾ ಅಂತ ಯಾರೂ ಹೇಳ್ಲಿಲ್ಲ, ಬಾತ್‌ರೂಮ್ ವ್ಯವಸ್ಥೆ ಹೇಗಿದೆ?

ಶಿವಮೊಗ್ಗ ಅಕ್ಕ:
ಪರೇಡ್ ಇರ್ಲಿ ತಮ್ಮಾ, ಅಮ್ಮಂಗೆ 67 ಅಂದ್ರಲ್ಲ, ಅರವತ್ತು ದಾಟಿದವರಿಗೆ ಮೊದಲ ಸಲ ಆ ಲಸಿಕೆ ಹಾಕೋಕೆ ಡಾಕ್ಟರುಗಳು ಯೋಚ್ನೆ ಮಾಡ್ತಾರೆ, ಅಪರೂಪಕ್ಕೆ ದೊಡ್ಡ ತೊಂದರೆ ಆಗೋ ಸಾಧ್ಯತೆ ಆ ವಯಸ್ಸಲ್ಲಿ ಜಾಸ್ತಿ. ನಮ್ಮಮ್ಮಂಗೆ 66, ಡಾಕ್ಟರು ಬೇಡ ಅಂದ್ರು, ನಾವು ಅಮ್ಮನ್ನ ಬಿಟ್ಟೇ ಹೋದ್ವಿ. ಏರ್‌ಪೋರ್ಟಲ್ಲಿ ಕೈ ಬೀಸಿದ್ದು ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗತ್ತೆ. ನಾಳೆನೇ ನಿಮ್ಮ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಕೆಂಗೇರಿ ಪಯಣಿಗ:
ಅಯ್ಯೋ, ಇದು ಗೊತ್ತೇ ಇರ್ಲಿಲ್ಲ ಅಕ್ಕ. ನಾಳೆ ಬೆಳಿಗ್ಗೆನೇ ಹೋಗ್ತೀವಿ.

ಹಾಸನದ ಅಲೆಮಾರಿ:
ಕುಸ್ಕೋ ಫ್ಲೈಟ್ ಬುಕ್ ಆಗಿದ್ಯಾ ಇಲ್ವಾ ಸರ್? ಇವತ್ತು ಎಷ್ಟಿದೆ?